ತಟ್ಟಿದ ಕೈ

"ನನ್ನ ಜೋಡಿ ಕಲಿಯಾವ್ರs ನನಗ ಯಾಕ ಮೋಸಾ ಮಾಡಿದ್ರು, ಗುರುಗಳ?"

ಫಕೀರೇಶ ಈ ಪ್ರಶ್ನೆ ಕೇಳಿದ್ದು ಗುರುಗಳ ಮನೆ ಬಾಗಿಲಲ್ಲೇ ನಿಂತು. ಪಂದ್ಯಕ್ಕೆಂದು ಒಯ್ದ ಚೀಲ ಇನ್ನೂ ಹೆಗಲ ಮೇಲಿತ್ತು. ಕುಳಿತುಕೋ ಎಂದರೆ ಕುಳಿತುಕೊಳ್ಳಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಸೋತು ಬಂದವನಿಗೆ ಸಿಟ್ಟು ಬರುವುದು ಹೊಸದೇನಲ್ಲ. ಆದರೆ ಇವನ ಸಿಟ್ಟು ಸೋಲಿಸಿದವನ ಮೇಲಿರಲಿಲ್ಲ, ತನ್ನ ಜೊತೆಗಾರರ ಮೇಲಿತ್ತು. ಅದರಲ್ಲೂ ಚನ್ನವೀರನ ಹೆಸರು ಬಂದರೆ ಹಲ್ಲು ಕಡಿಯುತ್ತಿದ್ದ.

ಗುರುಗಳು ಆ ಊರಿನ ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ಕೂಡೊ ಕಲಿಸುತ್ತಿದ್ದರು. ಹೊಡೆತ, ಎಸೆತ, ನೆಲದ ಹಿಡಿತ ಈ ಮೂರನ್ನೂ ಒಂದೇ ಕಣಕ್ಕೆ ತಂದು ಜಪಾನಿನವರು ಕಟ್ಟಿದ ವಿದ್ಯೆ ಅದು. ಅದರಲ್ಲಿ ನೆಲಕ್ಕೆ ಬಿದ್ದ ಮೇಲೆ ಸಿಗುವ ಹೊತ್ತು ಬಹಳ ಕಡಿಮೆ. ಅಷ್ಟರೊಳಗೆ ಎದುರಾಳಿಯ ಕುತ್ತಿಗೆಯನ್ನೋ ಮೊಣಕೈಯನ್ನೋ ಹಿಡಿದು ಸೋಲೊಪ್ಪಿಸಬೇಕು, ಇಲ್ಲವಾದರೆ ಪಂಚರು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಮುಖಕ್ಕೆ ಕವಚ ಇರುವುದರಿಂದ ಬಾಯಿಮಾತು ಸರಿಯಾಗಿ ಕೇಳುವುದಿಲ್ಲ. ಸೋತವನು ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟುತ್ತಾನೆ. ಆ ಶೆಡ್ಡಿನಲ್ಲಿ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಎಂದರೆ, ಜೊತೆಗಾರ ತಟ್ಟಿದ ಕೂಡಲೇ ಬಿಡಬೇಕು ಎನ್ನುವುದು.

ನೆಲದ ಹಿಡಿತದಲ್ಲಿ ಫಕೀರೇಶನ ಮುಂದೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಎದುರಾಳಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಹಿಂದಕ್ಕೆ ಮಲಗಿ, ಸೊಂಟ ಎತ್ತಿ ಮೊಣಕೈಯನ್ನು ಉಲ್ಟಾ ಬಗ್ಗಿಸುವ ಪಟ್ಟು ಅವನಿಗೆ ಇಷ್ಟದ್ದು. ಅವನು ತೋಳಿಗೆ ಕೈ ಹಾಕಿದರೆ ಸಾಕು, ಕೆಳಗಿದ್ದವನು ತಟ್ಟುತ್ತಿದ್ದ. ತಟ್ಟಿದ ಮೇಲೂ ಫಕೀರೇಶ ಒಂದಿಷ್ಟು ಎಳೆದೇ ಬಿಡುತ್ತಿದ್ದ. ಗುರುಗಳು ಒಮ್ಮೆ ನೋಡಿ ಗದರಿದರು. ಅಂದಿನಿಂದ ಅವರ ಎದುರಿಗೆ ಕೂಡಲೇ ಬಿಡುವುದು, ಅವರು ಬೆನ್ನು ತಿರುಗಿಸಿದರೆ ಎಳೆಯುವುದು ಶುರುವಾಯಿತು. ಅದರಲ್ಲಿ ಅವನಿಗೆ ತಪ್ಪೇನೂ ಕಂಡಿರಲಿಲ್ಲ. ನೋವಾದರೆ ತಾನೇ ಬುದ್ಧಿ ಬರುವುದು, ನಾನು ಅವರಿಗೆ ಉಪಕಾರವನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಅವನ ಉಪಕಾರದಿಂದ ಚನ್ನವೀರ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಎಷ್ಟೋ ದಿನ ಎಡಗೈಯಲ್ಲಿ ಉಂಡ.

ಆದರೂ ಚನ್ನವೀರ ಬಿಟ್ಟು ಹೋಗಲಿಲ್ಲ. ಮೈತೂಕದಲ್ಲಿ ಫಕೀರೇಶನಿಗೆ ಸರಿಜೋಡಿ ಅವನೊಬ್ಬನೇ. ಸುತ್ತಮುತ್ತ ಎಲ್ಲೂ ಈ ವಿದ್ಯೆ ಕಲಿಸುವ ಇನ್ನೊಂದು ಜಾಗವೂ ಇರಲಿಲ್ಲ.

ಪಂದ್ಯದಲ್ಲಿ ಆದದ್ದು ಇಷ್ಟು. ಎದುರಾಳಿ ಬೇರೆ ಜಿಲ್ಲೆಯ ಸಣಕಲು ಹುಡುಗ. ಫಕೀರೇಶ ಅವನನ್ನು ಎತ್ತಿ ಹಾಕಿ, ತೋಳು ಹಿಡಿದು, ಮಲಗಿ ಸೊಂಟ ಎತ್ತಿದ. ಹುಡುಗ ತಟ್ಟಲಿಲ್ಲ. ಇನ್ನೂ ಎತ್ತಿದ. ಆಗಲೂ ತಟ್ಟಲಿಲ್ಲ. ಫಕೀರೇಶನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ರೇಗಿತು. ಸೋತ ಮೇಲೂ ಸೋಲೊಪ್ಪದ ಭಂಡ ಇವನು ಎಂದುಕೊಳ್ಳುತ್ತಿರುವಾಗಲೇ ಹುಡುಗ ತೋಳನ್ನು ಹೊರಳಿಸಿ ಮೊಣಕೈಯನ್ನು ಮೆಲ್ಲಗೆ ಜಾರಿಸಿಕೊಂಡ. ಮೇಲೆ ಬಂದ. ಫಕೀರೇಶನ ಅಂಗಿಯ ಕಾಲರಿನಿಂದಲೇ ಅವನ ಕುತ್ತಿಗೆ ಬಿಗಿದ. ಫಕೀರೇಶ ತಟ್ಟಿದ. ಪಂಚರು ಕೈ ಎತ್ತುವ ಮೊದಲೇ ಹುಡುಗ ಬಿಟ್ಟುಬಿಟ್ಟ.

ಸೋತದ್ದಕ್ಕಿಂತ ಹೆಚ್ಚು ಉರಿದದ್ದು ಆಮೇಲಿನ ಮಾತಿಗೆ. ಹುಡುಗ ಪಕ್ಕಕ್ಕೆ ಕರೆದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಲಗುವಾಗ ನಿನ್ನ ಸೊಂಟ ನನ್ನ ಹೆಗಲಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಒಂದು ಮುಷ್ಟಿ ಹೋಗುವಷ್ಟು ಜಾಗ ಬಿಡುತ್ತೀ, ಅಷ್ಟು ಜಾಗ ಸಿಕ್ಕರೆ ಯಾರು ಬೇಕಾದರೂ ಜಾರಿಕೊಳ್ಳುತ್ತಾರೆ ಎಂದ. ಇದನ್ನು ನಿನ್ನ ಜೊತೆಗಾರರು ಯಾರೂ ಹೇಳಲಿಲ್ಲವೇ ಎಂದೂ ಕೇಳಿದ.

ಯಾರೂ ಹೇಳಿರಲಿಲ್ಲ. ಊರಿಗೆ ಬಂದವನೇ ಫಕೀರೇಶ ಚನ್ನವೀರನ ಮನೆಗೆ ಹೋಗಿ ಅವನನ್ನು ಬೀದಿಗೆ ಕರೆದು ಕೇಳಿದ. ಚನ್ನವೀರ ಮುಚ್ಚಿಡಲಿಲ್ಲ. ಹೌದು, ಪಟ್ಟು ಬೀಳುವ ಮೊದಲೇ ತಟ್ಟುತ್ತಿದ್ದೆ, ನಾನಷ್ಟೇ ಅಲ್ಲ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದ. ಅಲ್ಲಿಂದ ಫಕೀರೇಶ ನೇರವಾಗಿ ಗುರುಗಳ ಬಾಗಿಲಿಗೆ ಬಂದಿದ್ದ.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಇಷ್ಟು ವರ್ಷ ಬೆವರು ಸುರಿಸಿದ್ದು ನೀರಲ್ಲಿ ಹೋಮ ಮಾಡಿದಂತಾಯಿತು ಎಂದ. ಗೆದ್ದೆ ಗೆದ್ದೆ ಎಂದು ನನ್ನನ್ನು ಉಬ್ಬಿಸಿ ಹಳ್ಳಕ್ಕೆ ತಳ್ಳಿದರು, ಇವರು ಜೊತೆಗಾರರಲ್ಲ, ಬೆನ್ನಿಗೆ ಇರಿದವರು ಎಂದ. ಕೊನೆಗೆ ತಾನು ಬಂದ ಕೆಲಸ ಹೇಳಿದ. ಚನ್ನವೀರನನ್ನು ಶೆಡ್ಡಿನಿಂದ ಹೊರಗೆ ಹಾಕಬೇಕು. ಅವನಿದ್ದರೆ ತಾನಿರುವುದಿಲ್ಲ.

ಕೇಳುತ್ತ ಕೇಳುತ್ತ ಗುರುಗಳ ಮುಖ ಕೆಂಪೇರಿತು. ತನ್ನ ಪರವಾಗಿಯೇ ಅವರಿಗೆ ಸಿಟ್ಟು ಬಂದಿದೆ ಎಂದುಕೊಂಡ ಫಕೀರೇಶ ಆಗ ಚೀಲ ಇಳಿಸಿ ಕುಳಿತ. ಚನ್ನವೀರನ ವಿಷಯ ಕಡೆಗೆ ಹೇಳುತ್ತೇನೆ, ಮೊದಲು ಇದನ್ನು ಕೇಳು ಎಂದು ಗುರುಗಳು ಒಂದು ಕತೆ ಹೇಳಿದರು.

ಒಂದು ಊರಲ್ಲಿ ಮುರಿದ ಮೂಳೆ ಕೂಡಿಸಿ ಕಟ್ಟುವ ವೈದ್ಯನಿದ್ದ. ಯಾರು ಬಂದರೂ ಮುರಿದ ಕಡೆ ಬೆರಳಿನಿಂದ ಒತ್ತುತ್ತ ಹೋಗಿ, ಇಲ್ಲಿ ನೋವೇ, ಇಲ್ಲಿ ನೋವೇ ಎಂದು ಕೇಳುತ್ತಿದ್ದ. ನೋವು ಹೆಚ್ಚಾದಲ್ಲಿ ಮೂಳೆ ಸರಿದಿದೆ ಎಂದು ಲೆಕ್ಕ. ಬಂದವರ ಬಾಯಿಮಾತೇ ಅವನಿಗೆ ಕಣ್ಣು. ಆದರೆ ಆ ಪುಣ್ಯಾತ್ಮನಿಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಅಯ್ಯೋ ಅಂದರೆ, ಇಷ್ಟಕ್ಕೇ ಸತ್ತೆಯಾ ಎಂದು ಅದೇ ಜಾಗವನ್ನು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಒತ್ತುತ್ತಿದ್ದ.

ಇಂಥ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಬಂದವರೆಲ್ಲ ಹಲ್ಲು ಕಚ್ಚಿಕೊಂಡು ನೋವಿಲ್ಲ ಎನ್ನತೊಡಗಿದರು. ವೈದ್ಯ ಅಂದಾಜಿನ ಮೇಲೆ ಕಟ್ಟತೊಡಗಿದ. ಕೆಲವರ ಮೂಳೆ ಹಣೆಬರಹ ಚೆನ್ನಾಗಿದ್ದು ಕೂಡಿಕೊಂಡಿತು. ಉಳಿದವರದು ಸೊಟ್ಟಗಾಯಿತು. ಸೊಟ್ಟಗಾದವರು ಅದನ್ನು ಹೇಳಲು ಮತ್ತೆ ಆ ಬೆರಳುಗಳ ಹತ್ತಿರ ಹೋಗುತ್ತಾರೆಯೇ? ಯಾರೂ ಹೋಗಲಿಲ್ಲ. ಹೀಗಾಗಿ ಈ ವೈದ್ಯನ ಕೈಯಲ್ಲಿ ನೋವೇ ಆಗುವುದಿಲ್ಲ ಎಂದು ಊರೂರಿಗೆ ಹೆಸರಾಯಿತು. ಊರವರು ಸಭೆ ಮಾಡಿ ಅವನಿಗೆ ಶಾಲು ಹೊದಿಸಿದರು. ನಾಚಿಕೆಯಿಲ್ಲದೆ ಹೊದ್ದುಕೊಂಡ.

ಅವನ ಹೆಂಡತಿ ದಿನವೂ ಅವನ ಪಕ್ಕದಲ್ಲೇ ಕೂರುತ್ತಿದ್ದಳು. ಬಂದವರು ಕೊಸರಾಡದಂತೆ ಅವರ ಹೆಗಲು ಅಮುಕಿ ಹಿಡಿಯುವುದು ಅವಳ ಕೆಲಸ. ಒಂದು ದಿನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಅವಳ ಮಣಿಕಟ್ಟೇ ಮುರಿಯಿತು. ವೈದ್ಯ ಒತ್ತುತ್ತ ಬಂದ. ಇಲ್ಲಿ ನೋವೇ ಎಂದ. ಇಲ್ಲ ಎಂದಳು. ಇಲ್ಲಿ? ಇಲ್ಲ. ಹೆಂಡತಿ ಗಟ್ಟಿಗಿತ್ತಿ ಎಂದು ಮೆಚ್ಚಿಕೊಂಡು, ಇದ್ದಂತೆಯೇ ಕಟ್ಟಿದ.

ಕಟ್ಟು ಬಿಚ್ಚಿದಾಗ ಅಂಗೈ ಹೊರಕ್ಕೆ ತಿರುಗಿತ್ತು. ಆ ಕೈಯಿಂದ ಅವಳು ಮುಂದೆ ಒಂದು ತಂಬಿಗೆ ನೀರನ್ನೂ ಎತ್ತುವಂತಿರಲಿಲ್ಲ. ವೈದ್ಯ ಕೂಗಾಡಿದ. ಅವರಿವರು ಸುಳ್ಳು ಹೇಳಿದರೆ ಹೇಳಲಿ, ಕಟ್ಟಿಕೊಂಡ ಗಂಡನಿಗೇ ಸುಳ್ಳು ಹೇಳಿದೆಯಲ್ಲ, ನನ್ನ ವಿದ್ಯೆಗೇ ಮಸಿ ಬಳಿದೆಯಲ್ಲ ಎಂದು ಬಾಯಿಗೆ ಬಂದಂತೆ ಬೈದ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಆಡಿದಳು.

"ನೋವು ಅಂದವ್ರಿಗೆ ನೀವು ಏನು ಮಾಡ್ತೀರಿ ಅನ್ನೂದು ಅವರ ಹೆಗಲು ಹಿಡಕೊಂಡು ಕೂತಾಕಿ ನನಗ ಗೊತ್ತಿಲ್ಲೇನು?"

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಫಕೀರೇಶನಿಗೆ ಪಾಪ ಎನಿಸಿದ್ದು ವೈದ್ಯನ ಬಗ್ಗೆ. ಕೈ ಅವಳದು, ನೋವು ಅವಳದು, ಬಾಯಿ ಬಿಟ್ಟು ಹೇಳಲು ಏನು ಧಾಡಿ ಎನಿಸಿತು. ಆರುತ್ತಿದ್ದ ಸಿಟ್ಟು ಮತ್ತೆ ಏರಿತು.

"ತಪ್ಪು ಆಕೀದು ಗುರುಗಳ. ಹೇಳದಿದ್ರ ಅವಗ ಹ್ಯಾಂಗ ತಿಳೀಬೇಕು? ಅದೆಲ್ಲಾ ಇರ್ಲಿ, ಚನ್ನವೀರನ್ನ ಕಳಸ್ತೀರೋ ಇಲ್ಲೋ, ಅಷ್ಟು ಹೇಳ್ರಿ" ಎಂದ.

ಗುರುಗಳು ಎದ್ದು ಕನ್ನಡಕ ತೆಗೆದಿಟ್ಟರು. ಚಾಪೆಯ ಮೇಲೆ ಅಂಗಾತ ಮಲಗಿ, ನರ ಉಬ್ಬಿದ ತಮ್ಮ ಬಲಗೈಯನ್ನು ಅವನ ಕಡೆಗೆ ಚಾಚಿದರು.

"ಆತು, ಅವನ್ನ ಕಳಸೂಣು, ಇನ್ನ ಮ್ಯಾಲೆ ನಿನ್ನ ಕೈ ಕೆಳಗ ನಾನs ಮಲಗತೇನಿ, ನಾ ತಟ್ಟಿದ್ರ ಬಿಡ್ತೀ ಏನು?"

ಫಕೀರೇಶ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡ.