ಕಮಲಾಕ್ಷಮ್ಮನ ಹೊಸ ಅಡಿಗೆಕಟ್ಟೆ

ಕಮಲಾಕ್ಷಮ್ಮನ ಕೈ ಉಪ್ಪಿನಕಾಯಿ ಅಂದರೆ ನಮ್ಮ ಬೀದಿಗೆಲ್ಲ ಹೆಸರುವಾಸಿ. ಅಂಗಡಿಯದನ್ನು ತರುವವರನ್ನು ಕಂಡರೆ ಆಕೆ ಮೂಗು ಮುರಿಯುತ್ತಿದ್ದಳು. ಅಂಥಾಕೆ, ನಾಲ್ಕು ಜನ ಹೊಗಳಲಿ ಅಂತ, ಹಳೇ ಪ್ಲಾಸ್ಟಿಕ್ ಕರಗಿಸಿ ಒತ್ತಿದ ಹಲಗೆಯಲ್ಲಿ ಹೊಸ ಅಡಿಗೆಕಟ್ಟೆ ಮಾಡಿಸಿದಳು.

ಕೆಲಸದವನು ಹಳೇ ಕಡಪಾ ಕಲ್ಲು ಕಿತ್ತು, ಹಲಗೆ ಕೂರಿಸಿ, ಒರೆಸಿ ನಿಂತ. ಅದರ ತುಂಬ ಬಣ್ಣಬಣ್ಣದ ಚೂರುಗಳು. ಆಕೆ ಬಗ್ಗಿ ನೋಡಿದಳು.

"ಇದರಲ್ಲಿ ಯಾರ್ಯಾರ ಮನೆ ಕಸ ಇದೆಯೋ?"

"ಊರವರದೆಲ್ಲ ಇದೆ ಅಮ್ಮಾ."

"ಥೂ! ಕಂಡವರ ಎಂಜಲ ಮೇಲೆ ನಾನು ಅಡಿಗೆ ಮಾಡಲಾ? ಕಿತ್ತು ಹಾಕು. ನಮ್ಮನೆ ಪ್ಲಾಸ್ಟಿಕ್ಕಿನಲ್ಲೇ ಬೇರೆ ಮಾಡಿ ತಾ. ಇಲ್ಲದಿದ್ದರೆ ಈ ಬೀದಿಯಲ್ಲಿ ಯಾರೂ ನಿನಗೆ ಕೆಲಸ ಕೊಡದ ಹಾಗೆ ಮಾಡ್ತೀನಿ!"

ಅವನು ಆಗಲೇ ಪಕ್ಕದ ಮನೆಯ ಕಟ್ಟೆ ಕೆಲಸವನ್ನೂ ಒಪ್ಪಿಕೊಂಡಿದ್ದ. ಅದಕ್ಕೇ ಮೆತ್ತಗೆ ತಲೆಯಾಡಿಸಿದ.

"ಆಗಲಿ ಅಮ್ಮಾ. ಹಳೇ ಕಟ್ಟೆ ಕೆಳಗೆ ಒಂದು ಮೂಟೆ ಸಿಕ್ತು. ಪೂರಾ ಅಂಗಡಿ ಉಪ್ಪಿನಕಾಯಿಯ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು. ಅದನ್ನೇ ಪುಡಿ ಮಾಡಿಸ್ತೀನಿ. ಆದರೆ ಚೂರು ಪೂರ್ತಿ ಕರಗಲ್ಲ. ಮುಚ್ಚಳದ ಅಕ್ಷರ ಅಲ್ಲಲ್ಲಿ ಹಾಗೇ ಕಾಣುತ್ತೆ. ಬಂದವರು ಓದಿಕೊಳ್ಳಬಹುದು."

ಕಮಲಾಕ್ಷಮ್ಮ ಬಾಗಿಲ ಕಡೆ ನೋಡಿದಳು. ಕಿಟಕಿ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಹೊಸ ಕಟ್ಟೆಯನ್ನು ಸವರಿದಳು.

"ಇರಲಿ ಬಿಡಪ್ಪ. ಊರವರೆಲ್ಲ ನಮ್ಮವರೇ ಅಲ್ಲವಾ?"

ಮೂಟೆಯನ್ನು ತಾನೇ ಅವನ ತಲೆ ಮೇಲೆ ಎತ್ತಿಟ್ಟು, ಹಿತ್ತಿಲ ಬಾಗಿಲಿಂದ ಸಾಗಹಾಕಿದಳು.

ಈಗ ಪಕ್ಕದ ಮನೆಯ ಹೊಸ ಕಟ್ಟೆಯಲ್ಲಿ 'ಉಪ್ಪಿನಕಾ' ಅನ್ನುವಷ್ಟು ಅಕ್ಷರ ನಿಚ್ಚಳವಾಗಿದೆ. ಅಲ್ಲಿಗೆ ಹೋದಾಗಲೆಲ್ಲ ಕಮಲಾಕ್ಷಮ್ಮ ಕಾಫಿ ಲೋಟವನ್ನು ಸರಿಯಾಗಿ ಅದರ ಮೇಲೇ ಇಡುತ್ತಾಳಂತೆ.