ಬೀಗ ಮತ್ತು ಉದ್ಧರಣೆ

ಡಯಾಲಿಸಿಸ್‌ಗೆ ಹೋಗುವ ಕನಕವಲ್ಲಮ್ಮನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ ಎಂದಿದ್ದರು ಡಾಕ್ಟರು. ಹೆದರಿದ ಮಗ ಅಡುಗೆಮನೆಗೇ ಬೀಗ ಜಡಿದ.

ಬೀಗ ದೇವರಮನೆಯ ಉದ್ಧರಣೆಗೆ ಹೇಳಿತು: “ಆಕೆಯ ಜೀವ ಕಾಯುತ್ತಿರುವವನು ನಾನು. ತೀರ್ಥ ಕೊಡುವ ಚಮಚ ನೀನು, ನಿನ್ನಿಂದೇನಾದೀತು?”

“ನೀನು ಕಾಯುತ್ತಿರುವುದು ನೀರನ್ನು, ಬಾಯಾರಿಕೆಯನ್ನಲ್ಲ,” ಎಂದಿತು ಉದ್ಧರಣೆ. “ಆಕೆ ಬಚ್ಚಲ ನಲ್ಲಿಗೆ ಬಾಯಿಟ್ಟು ಕುಡಿಯುವ ಸದ್ದು ನಿನಗೆ ಕೇಳಿಸದೇ?”

ಕುಡಿದ ನೀರೆಲ್ಲ ಮೈಯಲ್ಲೇ ನಿಂತು, ಆಸ್ಪತ್ರೆಯ ತಕ್ಕಡಿ ತೂಕ ಮೂರು ಕೆಜಿ ಹೆಚ್ಚು ತೋರಿಸಿದಾಗ ಕನಕವಲ್ಲಮ್ಮನಿಗೆ ನಾಚಿಕೆಯಾಯಿತು. ಮರುದಿನ ಬೀಗ ತೆಗೆಸಿದಳು. ಮುಕ್ಕಾಲು ಲೀಟರ್ ನೀರನ್ನು ತಾನೇ ಅಳೆದು ಚೊಂಬಿಗೆ ಹಾಕಿ, ಉದ್ಧರಣೆಯನ್ನು ಅದರಲ್ಲಿಟ್ಟುಕೊಂಡಳು. ಬಾಯಾರಿದಾಗಲೆಲ್ಲ ತೀರ್ಥದ ಹಾಗೆ ಅಂಗೈಗೆ ಮೂರು ಸಲ ಹಾಕಿಕೊಂಡು ಕುಡಿದಳು. ಸಂಜೆ ಚೊಂಬಿನ ತಳದಲ್ಲಿ ಇನ್ನೂ ನೀರಿತ್ತು.

“ನೋಡೋ, ಉಳಿಸಿದ್ದೀನಿ,” ಎಂದು ಮಗನಿಗೆ ತೋರಿಸಿ, ನಗುತ್ತ ಅದನ್ನು ತುಳಸಿಗೆ ಹಾಕಿದಳು.

ಮೊಳೆಗೆ ನೇತುಬಿದ್ದಿದ್ದ ಬೀಗ ಕೇಳಿತು: “ಕಬ್ಬಿಣದ ನನ್ನ ಕೈಲಾಗದ್ದು ನಿನ್ನಿಂದ ಹೇಗಾಯಿತು?”

“ನೀನು ಬೇಡ ಎನ್ನುತ್ತಿದ್ದೆ. ನಾನು ಇನ್ನೊಂದು ಬೇಕೇ ಎಂದು ಕೇಳಿದೆ. ಸಾಕು ಎಂದವಳು ಆಕೆಯೇ.”