ಮುರಿಯದ ಪಟ್ಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಿ ರೂಢಿಯಿಲ್ಲ. ಒಂದು ಮಾತಿನಲ್ಲಿ ಮುಗಿಯುವುದನ್ನು ಮೂರು ಮಾತಿನಲ್ಲಿ ವಿವರಿಸುವ ಚಾಳಿ ಬೇರೆ. ಸಹಿಸಿಕೊಳ್ಳಿ.

ಕೆರೆಯ ದಂಡೆಯ ಮೇಲೆ ಒಂದು ಹಲ್ಲಿನ ಆಸ್ಪತ್ರೆ. ಅಲ್ಲಿ ಹೊಸಮನಿ ಎಂಬ ಗುರುಗಳು, ಶಾಲ್ಮಲಾ ಎಂಬ ಶಿಷ್ಯೆ. ಗುರುಗಳೆಂದರೆ ಗಡ್ಡ ಬಿಟ್ಟವರಲ್ಲ. ಬಿಳಿ ಕೋಟಿನ ದಂತವೈದ್ಯರು.

ಶಾಲ್ಮಲಾಗೆ ಒಂದೇ ಭಯ: ರುದ್ರವ್ವನ ಕೆಳದವಡೆ.

ರುದ್ರವ್ವ ಖಾನಾವಳಿ ನಡೆಸುವವಳು. ಕೆಳಸಾಲಿನಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಹಿಂದೊಮ್ಮೆ ಬೇರೆಲ್ಲೋ ಇಂಪ್ಲಾಂಟ್ ಹಾಕಿಸಿಕೊಂಡಿದ್ದಳು. ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು. ಅವುಗಳ ಮೇಲೆ ಬಿಗಿದ ಹಲ್ಲಿನ ಸಾಲು ಕೂದಲೆಳೆಯಷ್ಟು ಸೊಟ್ಟಗಿತ್ತು. ನೋವೇನೂ ಆಗಲಿಲ್ಲ. ಅದೇ ಅಪಾಯ. ಸೊಟ್ಟ ಸಾಲು ಎರಡು ವರ್ಷ ಸದ್ದಿಲ್ಲದೆ ಮೂಳೆಯನ್ನು ಸವೆಸಿತು. ಒಂದು ದಿನ ಊಟದ ತಾಟಿಗೆ ಎಲ್ಲವೂ ಕಳಚಿ ಬಿತ್ತು.

ಉಳಿದ ಮೂಳೆಯಲ್ಲಿ ಗುರುಗಳು ಐದು ಹೊಸ ತಿರುಪು ಕೂರಿಸಿದ್ದರು. ಇವೂ ಹೋದರೆ ಮತ್ತೆ ಕೂರಿಸಲು ಜಾಗವಿಲ್ಲ.

"ಡಾಕ್ಟ್ರವ್ವಾ, ಇದೂ ತಾಟಿನ್ಯಾಗ ಬೀಳೂದಿಲ್ಲ, ಹೌದಿಲ್ಲೊ?" ಎಂದು ರುದ್ರವ್ವ ಬಂದಾಗಲೆಲ್ಲ ಕೇಳುತ್ತಿದ್ದಳು.

"ಇಲ್ಲವ್ವಾ" ಎನ್ನುತ್ತ ಶಾಲ್ಮಲಾ ಕೈಗವಸು ಹುಡುಕುತ್ತಿದ್ದಳು.

ಅಳತೆ ತೆಗೆಯುವ ಕೆಲಸ ಅವಳದು. ಹಳೆಯ ರೀತಿಯಲ್ಲಾದರೆ ಬಾಯೊಳಗೆ ನಾದಿದ ಹಿಟ್ಟಿನಂಥದ್ದನ್ನು ಒತ್ತಿ ಅಚ್ಚು ತೆಗೆಯಬೇಕು. ಹೊಸ ರೀತಿಯಲ್ಲಿ ಸ್ಕ್ಯಾನರ್ ಎಂಬ ಪುಟ್ಟ ಕ್ಯಾಮೆರಾ ಆಡಿಸಿದರೆ ಸಾಕು, ದವಡೆ ಪರದೆಯ ಮೇಲೆ ಮೂಡುತ್ತದೆ. ಶಾಲ್ಮಲಾ ಸ್ಕ್ಯಾನ್ ಮಾಡಿದಳು. ಐದನೆಯ ತಿರುಪಿನ ಹತ್ತಿರ ರುದ್ರವ್ವನ ನಾಲಿಗೆ ಅಡ್ಡ ಬಂತು. ಶಾಲ್ಮಲಾಳ ಕೈ ನಡುಗಿತು. ಆದರೂ ಚಿತ್ರ ಚೆಂದವಾಗಿ ಕೂಡಿಕೊಂಡಿತು.

ಕೈ ನಡುಗಿದ್ದನ್ನು ಅವಳು ಹೇಳಲಿಲ್ಲ.

ಗುರುಗಳು ಪರದೆ ನೋಡಿದರು. "ಚಂದ ಐತಿ. ಪಟ್ಟಿ ಮಾಡು."

ಪಟ್ಟಿ ಎಂದರೆ ಪ್ಲಾಸ್ಟರಿನದು. ಸ್ಕ್ಯಾನಿನ ಅಳತೆಯಿಂದ ತಯಾರಿಸಿದ ದವಡೆಯ ಮಾದರಿಯ ಮೇಲೆ ಐದು ಲೋಹದ ಟೊಪ್ಪಿಗೆಗಳನ್ನಿಟ್ಟು, ನಡುವೆ ಪ್ಲಾಸ್ಟರ್ ತುಂಬಿ ಒಂದು ಮಾಡುವುದು. ಅದನ್ನು ಬಾಯಲ್ಲಿ ಬಿಗಿದಾಗ, ಅಳತೆ ಸರಿಯಿದ್ದರೆ ಇಡಿಯಾಗಿ ಉಳಿಯುತ್ತದೆ. ತಪ್ಪಿದ್ದರೆ ಟಕ್ಕೆಂದು ಮುರಿಯುತ್ತದೆ. ಲೋಹವಾದರೆ ಬಾಗಿ ಹೊಂದಿಕೊಂಡುಬಿಡುತ್ತದೆ; ಪ್ಲಾಸ್ಟರಿಗೆ ಬಾಗಲು ಬರುವುದಿಲ್ಲ.

"ಇಷ್ಟು ತುಟ್ಟಿ ಯಂತ್ರ ಇಟ್ಕೊಂಡು ಇನ್ನೂ ಪ್ಲಾಸ್ಟರ್ ಯಾಕ್ರೀ ಸರ್?"

"ಯಂತ್ರ ತಂದಾವ್ನೂ ನಾನ. ಪಟ್ಟಿ ಮಾಡು."

ಪ್ಲಾಸ್ಟರ್ ಕಲೆಸುವಾಗ ಅವಳ ಕಿವಿಯಲ್ಲಿ ಅದೇ ಸದ್ದು. ಟಕ್. ರುದ್ರವ್ವನ ಬಾಯಲ್ಲಿ, ಗುರುಗಳ ಎದುರಿಗೆ, ಟಕ್.

ಪ್ಲಾಸ್ಟರ್ ಹಸಿಯಿರುವಾಗಲೇ ಅವಳು ಅದರೊಳಗೆ ಒಂದು ಉಕ್ಕಿನ ತಂತಿ ಹುದುಗಿಸಿದಳು. ಮೋಸ ಮಾಡಬೇಕೆಂದಲ್ಲ, ಪಟ್ಟಿ ಗಟ್ಟಿಯಿರಲೆಂದು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಗುರುಗಳು ಒಂದೊಂದೇ ತಿರುಪು ಬಿಗಿದರು. ರುದ್ರವ್ವ ಶಾಲ್ಮಲಾಳ ಕೋಟಿನ ಚುಂಗು ಹಿಡಿದಿದ್ದಳು. ಮೂರು. ನಾಲ್ಕು. ಐದು.

ಸದ್ದಿಲ್ಲ.

"ಸರಿ ಕೂತೈತ್ರಿ ಸರ್."

ಗುರುಗಳು ಪಟ್ಟಿ ಬಿಚ್ಚಿ ಅಂಗೈಯಲ್ಲಿ ತೂಗಿದರು. ಎಷ್ಟೋ ಹೊತ್ತು ತೂಗಿದರು. ಆಮೇಲೆ ಕೇಳಿದರು, "ರುದ್ರವ್ವಾ, ಖಡಕ್ ರೊಟ್ಟಿ ಆಗೇತೊ ಇಲ್ಲೊ ಅಂತ ಹೆಂಗ ನೋಡ್ತಿ?"

"ಹಲ್ಲಿದ್ದಾಗ ಕಡದು ನೋಡ್ತಿದ್ದೆ. ಈಗ ಮುರದು ನೋಡ್ತೀನ್ರಿ. ಬಾಗಿದ್ರ ಇನ್ನೂ ಹಸಿ. ನಿಮಗ ರೊಟ್ಟಿ ಬೇಕಾಗಿತ್ತೇನ್ರಿ?"

ಗುರುಗಳು ನಕ್ಕು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದರು.

ಪ್ಲಾಸ್ಟರ್ ಉದುರಿತು. ಆದರೆ ತುಂಡುಗಳು ಬೇರೆಯಾಗಲಿಲ್ಲ. ತಂತಿಗೆ ಜೋತುಬಿದ್ದವು.

ಶಾಲ್ಮಲಾ ಉದುರಿದ ಚೂರುಗಳನ್ನು ಆರಿಸತೊಡಗಿದಳು.

"ಹೆದರಿಕಿ ಆತ್ರಿ ಸರ್."

"ಯಾತರದು?"

"ಮುರದ್ರ ನನ್ನ ತಪ್ಪು ಎಲ್ಲಾರಿಗೂ ಗೊತ್ತಾಗ್ತಿತ್ತು."

"ಮುರೀಲಿಲ್ಲ. ಈಗ ಯಾರಿಗೆ ಗೊತ್ತಾಗತೈತಿ?"

ಅವಳು ರುದ್ರವ್ವನ ದವಡೆ ನೋಡಿದಳು. ಅದಕ್ಕೆ ಗೊತ್ತಾಗುತ್ತಿತ್ತು. ಸದ್ದಿಲ್ಲದೆ. ಎರಡು ವರ್ಷದ ಮೇಲೆ.

ಅಂದೇ ಮಧ್ಯಾಹ್ನ ತಂತಿಯಿಲ್ಲದ ಪಟ್ಟಿ ಮಾಡಿದಳು. ಈ ಸಲ ಗುರುಗಳು ತಿರುಪುಳಿಯನ್ನು ಅವಳ ಕೈಗೇ ಕೊಟ್ಟರು. ಮೂರು. ನಾಲ್ಕು. ಐದು.

ಟಕ್.

"ಯಪ್ಪಾ, ಮುರೀತಲ್ಲೊ!" ರುದ್ರವ್ವ ಕಿರುಚಿದಳು.

"ಚೊಲೊ ಆತು," ಎಂದರು ಗುರುಗಳು. "ಹೆದರಬ್ಯಾಡ ರುದ್ರವ್ವಾ. ಮುರಿದದ್ದು ಪ್ಲಾಸ್ಟರ್, ನೀನಲ್ಲ."

ಶಾಲ್ಮಲಾ ಕಣ್ಣೊರೆಸಿಕೊಂಡಳು. "ಇನ್ನ ಸ್ಕ್ಯಾನರ್ ಮುಟ್ಟೂದಿಲ್ರಿ ಸರ್. ಹಳೇ ರೀತೀನ ಖರೆ."

"ಅಚ್ಚು ತೆಗೆಯೂವಾಗ ಕೈ ನಡುಗೂದಿಲ್ಲೇನು?"

ಅವಳು ಬೆಚ್ಚಿದಳು. ನಡುಗಿದ್ದು ಅವರಿಗೆ ಮೊದಲೇ ಗೊತ್ತಿತ್ತು.

ಗುರುಗಳು ಮುರಿದ ಹಳೆಯ ಪಟ್ಟಿಯಿಂದ ತಂತಿಯನ್ನು ಎಳೆದು, ಒರೆಸಿ, ಕೋಟಿನ ಕಿಸೆಗೆ ಹಾಕಿಕೊಂಡರು.

"ನಾಳೆ ಸ್ಕ್ಯಾನೂ ಮಾಡು, ಅಚ್ಚೂ ತೆಗಿ. ತಂತಿ ಮಾತ್ರ ನನ್ನ ಕಡೆ ಇರಲಿ."

ಇದನ್ನು ವಿವರಿಸದಿದ್ದರೆ ಕಥೆ ಅರ್ಥವಾಗಲಿಕ್ಕಿಲ್ಲ. ಗುರುಗಳು ಇಟ್ಟುಕೊಂಡದ್ದು ಬರೀ ತಂತಿಯಲ್ಲ. ಅದು ಏನೆಂದರೆ—

"ಶಾಲ್ಮಲಾ ಮೇಡಂ!" ಪಕ್ಕದ ಕೋಣೆಯಿಂದ ನನ್ನ ಶಿಷ್ಯ ಕೂಗುತ್ತಿದ್ದಾನೆ. ದನಿ ನಡುಗುತ್ತಿದೆ. "ಮೇಡಂ, ಪಟ್ಟಿ ಮುರೀತ್ರಿ!"

"ಚೊಲೊ ಆತು. ಹೆದರಬ್ಯಾಡ, ಬಂದೆ."